ಗ್ರಹಣದ ನೆರಳು, ಗೆರೆಗಳ ಲೆಕ್ಕ



1868ರ ಆಗಸ್ಟ್ 18, ವಿಭವ ಸಂವತ್ಸರದ ಶ್ರಾವಣ ಅಮಾವಾಸ್ಯೆ. ಅಂದು ಬೆಳಿಗ್ಗೆ ಚಂದ್ರನ ನೆರಳು ಬಿಜಾಪುರ ದಾಟಿ ಸುರಪುರ, ಶಹಾಪುರ, ಯಾದಗಿರಿಗಳ ಮೇಲೆ ಹಾದು ಗುಂಟೂರಿನತ್ತ ಸಾಗಿತು. ಸುಮಾರು ಐದು ನಿಮಿಷ ಹಗಲೇ ಕತ್ತಲು. ಪಶ್ಚಿಮಕ್ಕೆ ಜಮಖಂಡಿಯಲ್ಲಿ ಜಾನ್ ಹರ್ಷೆಲ್ (ಯುರೇನಸ್ ಗ್ರಹ ಕಂಡವನ ಮೊಮ್ಮಗ) ಮೋಡಗಳನ್ನು ಶಪಿಸುತ್ತ, ಪೂರ್ವಕ್ಕೆ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಸೂರ್ಯನ ಅಂಚಿನ ಬೆಳಕನ್ನು ಬಣ್ಣಗಳಾಗಿ ಒಡೆದು ನೋಡಿದರು. ಅಂದು ಕಂಡ ಹಳದಿ ಗೆರೆಯನ್ನು ಸೋಡಿಯಂನದೆಂದೇ ಬಗೆಯಲಾಯಿತು. ಅದು ಹೀಲಿಯಂ! ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

ಗ್ರಹಣದಲ್ಲಿ ಸೂರ್ಯನ ಸುತ್ತ ಕಾಣುವ ಬೆಳ್ಳನೆಯ ಪ್ರಭೆಯೇ ಕರೋನಾ. ಅದರ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಮಿಗಿಲೆಂದು 1940ರ ಸುಮಾರಿಗೆ ತಿಳಿಯಿತು. ಅಷ್ಟು ಬಿಸಿಯಾದ ಅನಿಲ ಕ್ಷಕಿರಣ ಸೂಸುತ್ತದೆ. ಅಲ್ಲಿ ಆಮ್ಲಜನಕದ ಪರಮಾಣು ತನ್ನ ಎಂಟು ಎಲೆಕ್ಟ್ರಾನುಗಳಲ್ಲಿ ಆರನ್ನು ಕಳೆದುಕೊಂಡು, ಎರಡನ್ನೇ ಉಳಿಸಿಕೊಂಡು ಹೀಲಿಯಂನಂತಾಗುತ್ತದೆ.

ಕೆರಳಿದ ಇಂಥ ಪರಮಾಣು ಒಂದು ಮೆಟ್ಟಿಲಿನಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲು ತಂಗುತ್ತದೆ. ಪರಮಾಣುವಿಗೆ ಅದು ದೀರ್ಘಕಾಲ. ಆಮೇಲೆ ಇಳಿದರೆ 22.1 ಆಂಗ್‌ಸ್ಟ್ರಾಮಿನ ಗೆರೆ. ಆದರೆ ಸುತ್ತ ಎಲೆಕ್ಟ್ರಾನುಗಳ ನೂಕುನುಗ್ಗಲಿದ್ದರೆ, ಬಸ್ ನಿಲ್ದಾಣದ ಬೆಂಚಿನಲ್ಲಿ ತೂಕಡಿಸುವವನನ್ನು ಜನ ಸರಿಸುವಂತೆ, ಅದು ಪಕ್ಕದ ಮೆಟ್ಟಿಲಿಗೆ ತಳ್ಳಲ್ಪಟ್ಟು 21.8ರ ಗೆರೆಯಾಗಿ ಇಳಿಯುತ್ತದೆ. ಮೊದಲನೆಯದು ಮಂಕಾದಷ್ಟೂ ಎರಡನೆಯದು ಹೊಳೆಯುತ್ತದೆ. ಎರಡರ ಅನುಪಾತವೇ ಸಾಂದ್ರತೆಯ ಅಳತೆ. ಬ್ರಿಟನ್ನಿನ ಗೇಬ್ರಿಯಲ್ ಮತ್ತು ಜೋರ್ಡನ್ 1969ರಲ್ಲಿ ತೋರಿಸಿಕೊಟ್ಟ ಉಪಾಯವಿದು. ಬಲು ಬಿಸಿಯಾದ ನಕ್ಷತ್ರಗಳಲ್ಲಿ ನೇರಳಾತೀತ ಬೆಳಕೂ ಹೀಗೆಯೇ ತಳ್ಳುವುದರಿಂದ ಅಲ್ಲಿ ಎಚ್ಚರ ಬೇಕು.

ಕ್ಷಕಿರಣವನ್ನು ನಮ್ಮ ಗಾಳಿ ನುಂಗಿಬಿಡುತ್ತದೆ, ಉಪಗ್ರಹವೇ ಬೇಕು. 1999ರಲ್ಲಿ ಹಾರಿದ, ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರಿನ ಚಂದ್ರಾ ದೂರದರ್ಶಕ ಸುಮಾರು 43 ಜ್ಯೋತಿರ್ವರ್ಷ ದೂರದ ಬ್ರಹ್ಮಹೃದಯದತ್ತ ನೋಡಿತು. ಅಲ್ಲಿನ ಕರೋನಾದಲ್ಲಿ ಘನ ಸೆಂಟಿಮೀಟರಿಗೆ ಸಾವಿರ ಕೋಟಿಯ ಆಸುಪಾಸು ಎಲೆಕ್ಟ್ರಾನುಗಳು. ಸಂಖ್ಯೆ ಕೇಳಿ ಬೆರಗಾಗಬೇಡಿ. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಅದರ 200 ಕೋಟಿ ಪಟ್ಟಿಗೂ ಹೆಚ್ಚು ಅಣುಗಳಿವೆ.

ಹೊಳಪೊಂದೇ ಗೊತ್ತಿದ್ದಾಗ ಆ ಪ್ರಭೆ ವಿರಳವಾಗಿ ಹರಡಿದೆಯೋ, ದಟ್ಟವಾಗಿ ಮುದುಡಿದೆಯೋ ಹೇಳುವಂತಿರಲಿಲ್ಲ. ಸಾಂದ್ರತೆ ಸಿಕ್ಕಿದ ಮೇಲೆ, ದೂರದರ್ಶಕದಲ್ಲಿ ಬರೀ ಚುಕ್ಕಿಯಾಗಿ ಕಾಣುವ ನಕ್ಷತ್ರದ ಕರೋನಾ ಎಷ್ಟು ದೊಡ್ಡದೆಂಬುದೂ ಲೆಕ್ಕಕ್ಕೆ ಸಿಕ್ಕಿತು.