ಇತರರನ್ನು ಹಡಗು ಹತ್ತಿಸುವ ಮುನ್ನ
(ಜುಬೈಲ್‌ನಲ್ಲಿ ನಡೆದ ಅನಿವಾಸಿಗಳ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)

ವೇದಿಕೆಯಲ್ಲಿರುವ ಹಿರಿಯರೇ, ಡ್ಯೂಟಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದು ಹಿಂದೆ ನಿಂತಿರುವ ಸಹೋದರರೇ, ಸಹೋದರಿಯರೇ,

ನನಗೆ ಕೊಟ್ಟ ವಿಷಯ "ನಂಬಿಕೆ: ಒಳ್ಳೆಯ ಗುಣವೋ, ಅಪಾಯವೋ?" ನಾನು ಉಸ್ತಾದ್ ಅಲ್ಲ, ಒಬ್ಬ ಸ್ಟೋರ್ ಕೀಪರ್. ಈಮಾನಿನ ಬಗ್ಗೆ ಪಾಠ ಮಾಡುವ ಯೋಗ್ಯತೆ ನನಗಿಲ್ಲ. ದಿನನಿತ್ಯದ ವ್ಯವಹಾರದಲ್ಲಿ ನಾವು ಇಡುವ ನಂಬಿಕೆಯ ಬಗ್ಗೆ ಮಾತ್ರ ಎರಡು ಮಾತು ಹೇಳ್ತೇನೆ.

ನಂಬಿಕೆ ಇಲ್ಲದೆ ಗಲ್ಫಿನಲ್ಲಿ ಒಂದು ದಿನವೂ ಬದುಕಲಿಕ್ಕೆ ಆಗುವುದಿಲ್ಲ. ನೋಡದ ಊರಿಗೆ, ಮುಖ ಕಾಣದ ಕಫೀಲನ ಹೆಸರಿನ ವೀಸಾ ಹಿಡಿದುಕೊಂಡು ವಿಮಾನ ಹತ್ತಿದವರು ನಾವು. ರಜೆಗೆ ಹೋಗುವವನ ಕೈಯಲ್ಲಿ ಉಮ್ಮನ ಮದ್ದಿಗೆ ದುಡ್ಡು ಕೊಡುತ್ತೇವೆ, ರಸೀದಿ ಕೇಳುವುದಿಲ್ಲ. ರೂಮಿನಲ್ಲಿ ಹತ್ತು ಜನ ಸೇರಿ ಚೀಟಿ ಹಾಕುತ್ತೇವೆ. ಮೊದಲ ತಿಂಗಳು ದುಡ್ಡು ಎತ್ತಿದವನು ಹತ್ತನೇ ತಿಂಗಳವರೆಗೂ ಕಟ್ಟುತ್ತಾನೆ ಎಂದು ನಂಬುತ್ತೇವೆ. ಅವನು ಕಟ್ಟುತ್ತಾನೆ ಕೂಡ. ಇದು ನಮ್ಮ ದೊಡ್ಡ ಆಸ್ತಿ. ಹಾಗಾಗಿ ನಂಬಿಕೆಯೇ ಕೆಟ್ಟದ್ದು ಎಂದು ನಾನು ಹೇಳಲಾರೆ.

ಆದರೆ ಇದೇ ಆಸ್ತಿಯನ್ನು ನಾನೇ ಒಮ್ಮೆ ಹಾಳು ಮಾಡಿದ್ದೇನೆ. ಅದನ್ನು ಇವತ್ತು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಊರಿನ ಒಂದು ಕಂಪೆನಿಯಲ್ಲಿ ನಾನು ಹಣ ಹಾಕಿದೆ. ಬಡ್ಡಿ ಅಲ್ಲ, ಲಾಭದಲ್ಲಿ ಪಾಲು ಅಂದರು. 1 ಲಕ್ಷಕ್ಕೆ ತಿಂಗಳಿಗೆ 3 ಸಾವಿರ. ಗೋಡೆಯಲ್ಲಿ ಬಿಸ್ಮಿಲ್ಲಾಹ್ ಬೋರ್ಡ್ ಇತ್ತು, ಮಾತು ಮೆದುವಾಗಿತ್ತು, ತಿಂಗಳು ತಿಂಗಳು ಹಣವೂ ಬಂತು. ಖುಷಿಯಾಗಿ ರೂಮಿನವರಿಗೂ ಹೇಳಿದೆ. ಮೂವರು ಸೇರಿದರು. ಅವರಲ್ಲಿ ಒಬ್ಬರು ಡ್ರೈವರ್ ಕಾಕ. ಮಗಳ ಮದುವೆಗೆಂದು ಕೂಡಿಟ್ಟ 4 ಲಕ್ಷವನ್ನು ನನ್ನ ಮಾತಿನ ಮೇಲೆ ಹಾಕಿದರು. ಹನ್ನೊಂದು ತಿಂಗಳು ಬಂತು. ಹನ್ನೆರಡನೇ ತಿಂಗಳು ಆಫೀಸಿಗೆ ಬೀಗ.

ಕಾಕ ನನಗೆ ಬೈಯಲಿಲ್ಲ. "ನೀನು ಅವರನ್ನು ನಂಬಿದೆ, ನಾನು ನಿನ್ನನ್ನು ನಂಬಿದೆ" ಅಂದರು, ಅಷ್ಟೇ. ಆ ವರ್ಷ ಎಕ್ಸಿಟ್ ಹೋಗಬೇಕಿದ್ದವರು ಮತ್ತೆ ಇಖಾಮಾ ರಿನ್ಯೂ ಮಾಡಿಸಿ ಸ್ಟಿಯರಿಂಗ್ ಹಿಡಿದರು.

"ನಾನೂ ಕಳಕೊಂಡಿದ್ದೇನಲ್ಲ, ಪ್ರಾಮಾಣಿಕವಾಗಿ ನಂಬಿದ್ದೆನಲ್ಲ" ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ದಿನ ವೀಡಿಯೋ ಕಾಲ್‌ನಲ್ಲಿ, ಕಾಲೇಜಿಗೆ ಹೋಗುವ ನನ್ನ ಮಗಳು ಪಾಠದ ಒಂದು ಕಥೆ ಹೇಳಿದಳು. ಇಂಗ್ಲೆಂಡಿನ ಕ್ಲಿಫರ್ಡ್ ಎಂಬ ಗಣಿತಜ್ಞ 1877ರಲ್ಲಿ ಬರೆದದ್ದಂತೆ. ಒಬ್ಬ ಹಡಗಿನ ಯಜಮಾನ. ಹಡಗು ಹಳತು, ರಿಪೇರಿ ಬೇಕೋ ಏನೋ ಎಂಬ ಸಂಶಯ ಅವನಿಗೇ ಇದೆ. ಆದರೆ ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತದೆ, ದೇವರು ಕಾಪಾಡುತ್ತಾನೆ ಎಂದು ಮನಸ್ಸನ್ನು ಒಪ್ಪಿಸಿಕೊಳ್ಳುತ್ತಾನೆ. ಹಡಗು ತುಂಬಾ ವಲಸೆ ಹೊರಟ ಬಡವರು. ನಡು ಸಮುದ್ರದಲ್ಲಿ ಹಡಗು ಮುಳುಗುತ್ತದೆ. ಯಜಮಾನ ಸುಳ್ಳು ಹೇಳಲಿಲ್ಲ, ಮನಸಾರೆ ನಂಬಿದ್ದ. ಆದರೂ ಅವನು ಅಪರಾಧಿ ಅನ್ನುತ್ತಾನೆ ಕ್ಲಿಫರ್ಡ್. ಏಕೆಂದರೆ ಸಂಶಯವನ್ನು ಅವನು ಪರೀಕ್ಷೆ ಮಾಡಲಿಲ್ಲ, ಅದುಮಿಟ್ಟ.

ನಾನು ಫೋನನ್ನು ಪಕ್ಕಕ್ಕೆ ತಿರುಗಿಸಿದೆ. ಯಾಕೆಂದರೆ ನನಗೂ ಸಂಶಯ ಬಂದಿತ್ತು. ಒಂದು ರಾತ್ರಿ ಲೆಕ್ಕ ಹಾಕಿದ್ದೆ: ವರ್ಷಕ್ಕೆ ನೂರಕ್ಕೆ 36. ಯಾವ ಹಲಾಲ್ ವ್ಯಾಪಾರದಲ್ಲಿ ಪ್ರತಿ ತಿಂಗಳೂ ತಪ್ಪದೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಇಷ್ಟು ಲಾಭ ಬರುತ್ತದೆ? ನಷ್ಟವೇ ಇಲ್ಲದ ಪಾಲುದಾರಿಕೆ ಉಂಟಾ? ಕ್ಯಾಲ್ಕುಲೇಟರ್ ಬದಿಗಿಟ್ಟು ಮಲಗಿದೆ. ಮರುವಾರ ಕಾಕನ ಹಣ ಕಳಿಸಿದೆ.

ಕ್ಲಿಫರ್ಡ್‌ಗೆ ಅಮೆರಿಕದ ವಿಲಿಯಂ ಜೇಮ್ಸ್ ಎಂಬವರು 1896ರಲ್ಲಿ ಉತ್ತರ ಕೊಟ್ಟರಂತೆ. ಕೆಲವು ವಿಷಯಗಳಲ್ಲಿ ಸಾಕ್ಷ್ಯ ಸಿಗುವವರೆಗೆ ಕಾದರೆ ಆ ಅವಕಾಶವೇ ಹೋಗುತ್ತದೆ ಅಂತ. ಅದೂ ಸರಿಯೇ. ಎಲ್ಲವೂ ಖಾತ್ರಿಯಾಗಲಿ ಎಂದು ಕಾದಿದ್ದರೆ ನಾವು ಯಾರೂ ಇಲ್ಲಿಗೆ ಬರುತ್ತಿರಲಿಲ್ಲ. ಆದರೆ ನನ್ನ ಬದುಕಿನ ಮೇಲೆ ನಾನು ಧೈರ್ಯ ಮಾಡುವುದು ಬೇರೆ, ಇನ್ನೊಬ್ಬನ ಮಗಳ ಮದುವೆಯ ಹಣದ ಮೇಲೆ ನಾನು ಧೈರ್ಯ ಮಾಡುವುದು ಬೇರೆ.

ಇದು ನನ್ನೊಬ್ಬನ ಕಥೆಯಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ, ಹಲಾಲ್ ಹೂಡಿಕೆ ಎಂಬ ಮಾತನ್ನು ನಂಬಿದ್ದ ಸಾವಿರಾರು ಮಂದಿ ದೂರು ಕೊಡಲು ಸಾಲು ನಿಂತರು. ಅವರಲ್ಲಿ ಎಷ್ಟೋ ಮಂದಿಯನ್ನು ಅಲ್ಲಿಗೆ ಕರೆತಂದದ್ದು ಅವರ ಬಂಧುಗಳೇ, ಪರಿಚಯದವರೇ.

ಪ್ರಶ್ನೆ ಕೇಳಿದರೆ ಈಮಾನ್ ಕಡಿಮೆಯಾಗುತ್ತದೆ ಎಂದು ಕೆಲವರು ಅಂದುಕೊಂಡಿದ್ದಾರೆ. ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದು ಗೊತ್ತಾ? ಅಲ್ ಬಕರ ಸೂರಾದ 282ನೆಯದು. ಅದು ಸಾಲದ ವ್ಯವಹಾರದ ಬಗ್ಗೆ. ಬರೆದಿಡಿ, ಸಾಕ್ಷಿ ಇಡಿ, ಸಣ್ಣದೆಂದು ಬೇಸರಿಸಬೇಡಿ ಎಂಬ ಆದೇಶ ಅದರಲ್ಲಿದೆ. ಯಾರಿಗೆ ಹೇಳಿದ್ದು? ಅವಿಶ್ವಾಸಿಗಳಿಗಲ್ಲ ಮಾರಾಯ್ರೆ, ಈಮಾನ್ ಇಟ್ಟವರಿಗೇ. ಹಾಗಾದರೆ ಲೆಕ್ಕ ಕೇಳುವುದು ನಂಬಿಕೆಗೆ ವಿರುದ್ಧ ಹೇಗಾದೀತು?

ಹಾಗಾಗಿ ನನ್ನ ವಿನಂತಿ ಇಷ್ಟು. ಯಾರಾದರೂ ಹಣ ಹಾಕಲು ಹೇಳಿದರೆ, ಲಾಭ ಎಲ್ಲಿಂದ ಬರುತ್ತದೆ, ನಷ್ಟವಾದರೆ ಯಾರಿಗೆ, ಠೇವಣಿ ಪಡೆಯಲು ಅನುಮತಿ ಉಂಟಾ ಎಂದು ಕೇಳಿ. ಅನುಮತಿ ಉಂಟೋ ಇಲ್ಲವೋ ನೋಡಲು ರಿಸರ್ವ್ ಬ್ಯಾಂಕಿನ ಸಚೇತ್ ಜಾಲತಾಣ ಇದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆಯೂ 2019ರಲ್ಲಿ ಬಂದಿದೆ. ಉತ್ತರ ಕೊಡದೆ "ನಂಬಿಕೆ ಇಲ್ವಾ?" ಎಂದು ತಿರುಗಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ನೀವು ಇನ್ನೊಬ್ಬರಿಗೆ ಹೇಳುವವರಾದರೆ ಎರಡು ಸಲ ಕೇಳಿ. ನಿಮ್ಮನ್ನು ನಂಬುವವನ ನಂಬಿಕೆ ನಿಮ್ಮ ಕೈಯಲ್ಲಿರುವ ಅಮಾನತ್.

ಕಾಕನಿಗೆ ನಾನು ತಿಂಗಳಿಗೆ 500 ರಿಯಾಲ್ ಕೊಡುತ್ತಾ ಇದ್ದೇನೆ. ಮೊದಲು ಅವರು ಒಪ್ಪಲಿಲ್ಲ. ಕಾಗದದಲ್ಲಿ ಬರೆದು, ಇಬ್ಬರು ಸಾಕ್ಷಿ ಹಾಕಿಸಿ ಅವರ ಕೈಗೆ ಕೊಟ್ಟೆ. ಇನ್ನು 9 ತಿಂಗಳು ಬಾಕಿ ಇದೆ. ಅವರು ಈಗ ಇಲ್ಲೇ, ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರ ಒಪ್ಪಿಗೆ ಕೇಳಿಯೇ ಇದನ್ನು ಹೇಳಿದ್ದು.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರ್ಕತ್ ಕೊಡಲಿ, ನಮ್ಮನ್ನು ನಂಬಿದವರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡದಿರಲಿ. ಆಮೀನ್. ಅಸ್ಸಲಾಮು ಅಲೈಕುಂ.