ಕುರಿಯ ಹೊಟ್ಟೆಯೊಳಗಿನ ಕೂಲಿಯಾಳುಗಳು

ಕಳೆದ ವೈಶಾಖದಲ್ಲಿ ಒಂದು ಹಳ್ಳಿಗೆ ಹೋಗಿದ್ದೆ. ಮದುವೆ ಮುಗಿದ ಮನೆಯ ಹಿತ್ತಲಲ್ಲಿ ಮೂರು ಕುರಿ ಸತ್ತು ಬಿದ್ದಿದ್ದವು. "ಯಾರೋ ಆಗದವರು ವಿಷ ಹಾಕವ್ರೆ ಸ್ವಾಮಿ" ಎಂದು ಯಜಮಾನರು ಕಣ್ಣೀರಿಟ್ಟರು. ಪಕ್ಕದ ಮನೆಯವರ ಮೇಲೆ ಅನುಮಾನ. ಪಶುವೈದ್ಯರು ಬಂದು ಹೊಟ್ಟೆ ಕೊಯ್ದು ನೋಡಿದರು. ಒಳಗಿದ್ದದ್ದು ವಿಷವಲ್ಲ, ಹುಳಿಗಟ್ಟಿದ ಅನ್ನ! ಉಳಿದ ಅನ್ನ ಹಾಳಾಗಬಾರದೆಂದು ಮನೆಯವರೇ ಬಾನಿಗೆ ಸುರಿದಿದ್ದರು.

ಅನ್ನ ತಿಂದರೆ ಕುರಿ ಯಾಕೆ ಸಾಯಬೇಕು? ಕೇಳಿ.

ಕುರಿಯ ಹೊಟ್ಟೆಗೆ ನಾಲ್ಕು ಕೋಣೆ. ಮೊದಲನೆಯದೇ ದೊಡ್ಡದು. ಮೇಯ್ದ ಹುಲ್ಲು ಇಲ್ಲಿ ಸೇರುತ್ತದೆ. ನೆರಳಲ್ಲಿ ಮಲಗಿ ಮೆಲುಕು ಹಾಕುವುದೂ ಇಲ್ಲಿಂದ ಬಂದ ಮೇವನ್ನೇ. ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ಕುರಿಗೆ ಸ್ವಂತವಾಗಿ ಇಲ್ಲ. ಆ ಕೆಲಸಕ್ಕೆ ಬ್ಯಾಕ್ಟೀರಿಯಾ ಮುಂತಾದ ಸೂಕ್ಷ್ಮಜೀವಿಗಳಿವೆ. ಒಂದು ತೊಟ್ಟು ರಸದಲ್ಲೇ ಇವು ಕೋಟಿಗಟ್ಟಲೆ. ಇವು ನಾರನ್ನು ಒಡೆದು ಮಾಡುವ ಆಮ್ಲಗಳನ್ನು ಹೊಟ್ಟೆಯ ಗೋಡೆ ಹೀರಿ ರಕ್ತಕ್ಕೆ ಸೇರಿಸುತ್ತದೆ. ಕುರಿಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಹೀಗೆ. ಅಷ್ಟೇ ಅಲ್ಲ, ಈ ಜೀವಿಗಳೂ ಮೇವಿನೊಡನೆ ನಾಲ್ಕನೆಯ ಕೋಣೆಗೆ ಇಳಿದು, ಅಲ್ಲಿಯೂ ಕರುಳಲ್ಲಿಯೂ ಜೀರ್ಣವಾಗಿ, ಮಾಂಸ ಉಣ್ಣೆ ಬೆಳೆಸುವ ಸಸಾರಜನಕವಾಗುತ್ತವೆ. ದುಡಿದ ಆಳೇ ಕೊನೆಗೆ ಊಟವಾದಂತೆ!

ಈಗ ಅನ್ನ, ರಾಗಿ, ಜೋಳ ಒಮ್ಮೆಲೇ ಹೊಟ್ಟೆ ತುಂಬಿತು ಅನ್ನಿ. ಬೇರೆ ಜಾತಿಯ ಬ್ಯಾಕ್ಟೀರಿಯಾ ವಿಪರೀತ ಹೆಚ್ಚುತ್ತವೆ. ಇಟ್ಟು ಮರೆತ ದೋಸೆ ಹಿಟ್ಟಿನಂತೆ ಒಳಗೆಲ್ಲ ಹುಳಿ. ನಾರು ಅರಗಿಸುವ ಜೀವಿಗಳು ಸಾಯುತ್ತವೆ, ಹುಳಿ ರಕ್ತಕ್ಕೂ ಏರುತ್ತದೆ. ಕುರಿ ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ನೀರಾಗಿ ಭೇದಿ ಮಾಡುತ್ತದೆ, ತೂರಾಡಿ ಮಲಗುತ್ತದೆ. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು.

ಆದ್ದರಿಂದ ಹಬ್ಬ ಮದುವೆಗಳಲ್ಲಿ ಉಳಿದ ಅನ್ನವನ್ನು ಕುರಿಯ ಮುಂದೆ ಸುರಿಯಬೇಡಿ. ಕಣದ ರಾಶಿಗೆ ಬಾಯಿ ಹಾಕಲು ಬಿಡಬೇಡಿ. ಕೊಯ್ದ ಜೋಳದ ಹೊಲಕ್ಕೆ ಹಿಂಡು ಬಿಡುವ ಮೊದಲು ಬಿದ್ದ ತೆನೆಗಳನ್ನು ಆಯ್ದುಬಿಡಿ. ಹಸಿದ ಹಿಂಡನ್ನಂತೂ ನುಗ್ಗಿಸಲೇಬೇಡಿ. ಕಾಳು ಕೊಡುವುದಿದ್ದರೆ ಒಂದು ಹಿಡಿಯಿಂದ ಶುರುಮಾಡಿ, ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಹುಲ್ಲು ಮಾತ್ರ ತಪ್ಪಬಾರದು. ಹೊಟ್ಟೆಯ ಆಳುಗಳು ಹೊಸ ಕೆಲಸಕ್ಕೆ ಒಗ್ಗಲು ಅಷ್ಟು ಕಾಲ ಬೇಕು.

ಕಣ್ಣು ತಪ್ಪಿಸಿ ತಿಂದೇಬಿಟ್ಟರೆ? ರೋಗ ಕಾಣುವವರೆಗೆ ಕಾಯಬೇಡಿ. ಕೂಡಲೇ ಪಶುವೈದ್ಯರಿಗೆ ಹೇಳಿಕಳುಹಿಸಿ. ಹುಳಿ ಮುರಿಯಲು ಅವರು ಅಡಿಗೆ ಸೋಡಾ ಕುಡಿಸಬಹುದು. ಅಳತೆಯನ್ನು ಅವರೇ ಹೇಳಲಿ. ದಿನಾ ಸಂಜೆ ದೊಡ್ಡಿಯಲ್ಲಿ ಒಂದು ಸುತ್ತು ಬನ್ನಿ. ಯಾವ ಕುರಿ ಮೆಲುಕು ಹಾಕುತ್ತಿಲ್ಲವೋ ಅದರ ಹತ್ತಿರ ನಿಲ್ಲಿ.

ಆ ಹಳ್ಳಿಯ ಎರಡು ಮನೆಗಳು ಈಗ ಮತ್ತೆ ಮಾತಾಡುತ್ತಿವೆ. ಹೋದ ಮೂರು ಕುರಿ ಮಾತ್ರ ಹೋದವೇ.