ಅರಳುಮರಳು ಎಂದು ಕೈಬಿಡಬಹುದೇ?

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಜರುಗಿದ ಹಿರಿಯರ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ನೆನಪಿನ ಹಬ್ಬ. ಈ ದೇವಾಲಯದ ಅಸ್ತಿಭಾರಕ್ಕೆ ಕಲ್ಲು ಹೊತ್ತವರನ್ನು ಕೆಲವು ತಿಂಗಳುಗಳಿಂದ ನಾವು ನೆನೆಯುತ್ತಿದ್ದೇವೆ. ಇಂಥ ಸಮಯದಲ್ಲಿ ನೆನಪನ್ನೇ ಕಳೆದುಕೊಂಡವರ ಮಾತೆತ್ತುವುದು ಹಬ್ಬಕ್ಕೆ ಒಗ್ಗುವುದೇ ಎಂದು ಕೆಲವರು ಸಂಶಯಪಟ್ಟರಂತೆ. ಒಗ್ಗುತ್ತದೆಂದೇ ನನ್ನ ಅಭಿಪ್ರಾಯ.

‘ಅರವತ್ತಕ್ಕೆ ಅರಳುಮರಳು’ ಎಂಬುದು ನಮ್ಮೆಲ್ಲರ ಬಾಯಲ್ಲಿರುವ ಗಾದೆ. ವರಕವಿ ಬೇಂದ್ರೆಯವರು ಅರವತ್ತರ ಸುಮಾರಿನಲ್ಲಿ ತಮ್ಮ ಕವನಸಂಗ್ರಹಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಎಲ್ಲರಿಗೂ ಅಂಥ ಮುಪ್ಪು ಒದಗುವುದಿಲ್ಲ. ಗಾದೆಯಲ್ಲಿ ಒಂದು ಬಗೆಯ ಕರುಣೆಯಿದೆ, ನಿಜ. ವಯಸ್ಸಾದವರು ತಪ್ಪು ಮಾಡಿದರೆ ಮನ್ನಿಸಿರಿ ಎಂದು ಅದು ಹೇಳುತ್ತದೆ. ಆದರೆ ಅದೇ ಉಸಿರಿನಲ್ಲಿ, ಇದಕ್ಕೆ ಮಾಡುವುದೇನೂ ಇಲ್ಲವೆಂದೂ ಹೇಳಿಬಿಡುತ್ತದೆ. ನನ್ನ ತಕರಾರು ಈ ಎರಡನೆಯ ಮಾತಿನ ಬಗ್ಗೆ.

1906ರಲ್ಲಿ ಜರ್ಮನಿಯ ವೈದ್ಯ ಆಲ್ಝೈಮರ್ ಅವರು ತಮ್ಮ ರೋಗಿಯೊಬ್ಬಳ ಮಿದುಳನ್ನು ಪರೀಕ್ಷಿಸಿ, ಅದರಲ್ಲಿ ಕಂಡ ವಿಕಾರಗಳನ್ನು ವೈದ್ಯರ ಸಭೆಯೊಂದರಲ್ಲಿ ವಿವರಿಸಿದರು. ಆಸ್ಪತ್ರೆ ಸೇರಿದಾಗ ಆಕೆಯ ವಯಸ್ಸು 51. ಆದುದರಿಂದ ಇದು ವಯಸ್ಸಿನ ಸಹಜ ಫಲವಲ್ಲ, ಮಿದುಳಿನ ಕಾಯಿಲೆ. ವಯಸ್ಸು ಏರಿದಂತೆ ಅದರ ಸಂಭವ ಹೆಚ್ಚುತ್ತದೆ, ಅಷ್ಟೆ. ಹಲವು ಕಾರಣಗಳಿಂದ ಬರುವ ಇಂಥ ಮರೆವಿಗೆ ಡಿಮೆನ್ಷಿಯಾ ಎಂಬ ಸಾಮಾನ್ಯ ಹೆಸರಿದೆ. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ, ಅಂದರೆ ನೂರರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ, ಇದು ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿತು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಪ್ರಮಾಣ ಹೆಚ್ಚೆಂದೂ ಅದು ತಿಳಿಸಿತು.

ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಮರೆವು ತಲೆದೋರುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ಅರಳುಮರಳೆಂದು ಮನೆಯಲ್ಲೇ ಕೂರಿಸಿದರೆ ಆ ಅವಕಾಶವೂ ತಪ್ಪಿಹೋಗುತ್ತದೆ.

ಇನ್ನು ಮನೆಯೊಳಗಿನ ಮಾತು. ಅತ್ತೆ ಈಗ ತಾನೇ ಉಂಡಿರುತ್ತಾರೆ. ಜಗಲಿಗೆ ಬಂದು, ಹೋಗಿಬರುವವರ ಬಳಿ, ‘ಬೆಳಗಿನಿಂದ ನನಗೆ ಒಂದು ತುತ್ತು ಅನ್ನ ಹಾಕಿಲ್ಲ’ ಎನ್ನುತ್ತಾರೆ. ತಾವೇ ಅಕ್ಕಿಡಬ್ಬದಲ್ಲಿ ಬಚ್ಚಿಟ್ಟ ಸರವನ್ನು ಸೊಸೆ ಕದ್ದಳೆನ್ನುತ್ತಾರೆ. ಸಂಜೆಯಾಗುತ್ತಲೇ, ಐವತ್ತು ವರ್ಷ ಬಾಳಿದ ಮನೆಯಲ್ಲಿ ನಿಂತು, ‘ನನ್ನನ್ನು ಮನೆಗೆ ಕಳುಹಿಸಿ’ ಎಂದು ಗೋಗರೆಯುತ್ತಾರೆ. ಅವರ ಮನಸ್ಸಿನಲ್ಲಿರುವುದು ತವರು. ಇವೆಲ್ಲ ಕಾಯಿಲೆಯ ಲಕ್ಷಣಗಳು. ಸುಳ್ಳೂ ಅಲ್ಲ, ಹಠವೂ ಅಲ್ಲ. ಕೇಳಿದ ನೆರೆಹೊರೆಯವರು ಮಾಡುವುದೇನು? ನಂಬುತ್ತಾರೆ. ಮಾತು ಬೀದಿಯಿಂದ ಬೀದಿಗೆ ದಾಟಿ ದೇವಾಲಯದ ಅಂಗಳಕ್ಕೂ ಬರುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದು, ಬಟ್ಟೆ ಬದಲಿಸಿ, ಮೈ ತೊಳೆದು ನೋಡಿಕೊಳ್ಳುವ ಹೆಣ್ಣುಮಗಳು ಊರಿನ ಕಣ್ಣಿಗೆ ಪಾಪಿಯಾಗುತ್ತಾಳೆ. ಅದಕ್ಕೆ ಹೆದರಿಯೇ ಎಷ್ಟೋ ಮನೆಯವರು ಮುದುಕರನ್ನು ಒಳಕೋಣೆಯಲ್ಲಿ ಇರಿಸುತ್ತಾರೆ. ಮಗಳ ಮದುವೆಯ ಮಾತುಕತೆ ನಡೆದಿದ್ದರಂತೂ ಹೇಳುವುದೇ ಬೇಡ, ‘ವಂಶದಲ್ಲಿ ಹುಚ್ಚಿದೆ’ ಎಂದಾರೆಂಬ ಭಯ. ಮುದುಕರ ಮರೆವಿಗಿಂತ ನಮ್ಮ ನಾಲಿಗೆಯೇ ಆ ಬಾಗಿಲಿಗೆ ಹೆಚ್ಚು ಬೀಗ ಹಾಕಿದೆ.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಅಳಿಯುವುದು ಇತ್ತೀಚಿನ ನೆನಪು. ಬಾಲ್ಯದಲ್ಲಿ ಬೇರೂರಿದ್ದು ಬಹುಕಾಲ ಉಳಿಯುತ್ತದೆ. ಮಗನ ಹೆಸರು ತಪ್ಪುವವರು ಜಪಸರ ಕೈಗೆ ಬಂದೊಡನೆ ‘ನಮೋ ಮರಿಯ’ವನ್ನು ಮುಗ್ಗರಿಸದೆ ಹೇಳಬಲ್ಲರು. ಪೂಜೆ ಲತೀನಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಪೀಠಸೇವೆ ಮಾಡಿದ್ದ ಹಿರಿಯರು ಆ ಉತ್ತರಗಳನ್ನು ಇಂದಿಗೂ ಒಪ್ಪಿಸುವುದುಂಟು. ಹಾಗಿರುವಾಗ, ಅವರಿಗೆ ಇನ್ನೂ ನೆನಪಿರುವ ಸ್ಥಳದಿಂದಲೇ, ಅಂದರೆ ದೇವಾಲಯದಿಂದಲೇ, ಅವರನ್ನು ಮೊದಲು ದೂರ ಇಡುವುದು ಎಂಥ ವಿಪರ್ಯಾಸ!

ಧರ್ಮಸಭೆಗೆ ಈ ವಿಚಾರ ಹೊಸದೇನಲ್ಲ. ಸುಮಾರು 2200 ವರ್ಷಗಳ ಹಿಂದೆ ರಚಿತವಾದ ಸಿರಾಖನ ಗ್ರಂಥದ ಮೂರನೆಯ ಅಧ್ಯಾಯವು, ತಂದೆಯ ಬುದ್ಧಿ ಕುಂದಿದಾಗಲೂ ಅವನನ್ನು ಸಹನೆಯಿಂದ ಕಾಣಬೇಕೆಂದು ಮಗನಿಗೆ ಬುದ್ಧಿ ಹೇಳುತ್ತದೆ. ಪವಿತ್ರ ಕುಟುಂಬದ ಹಬ್ಬದಂದು ಅದನ್ನು ಓದುವ ವಾಡಿಕೆಯುಂಟು. ಕ್ರಿಸ್ಮಸ್ಸಿನ ಸಡಗರದ ನಡುವೆ ನಾವು ಕೇಳಿಸಿಕೊಳ್ಳುವುದು ಕಡಿಮೆ. 1972ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅಭ್ಯಂಗ ಸಂಸ್ಕಾರದ ವಿಧಿಯನ್ನು ನವೀಕರಿಸಿದರು. ಅದು ಕೇವಲ ಸಾಯುವ ಗಳಿಗೆಯದಲ್ಲ, ಮುಪ್ಪಿನಿಂದ ತೀರ ಬಲಗುಂದಿದವರೂ ಪಡೆಯಬಹುದಾದ ಸಂಸ್ಕಾರ. ಆದರೂ ಗುರುಗಳು ಎಣ್ಣೆ ಹಿಡಿದು ಬಂದರೆ ಮನೆಮಂದಿ ಇಂದಿಗೂ ಬೆಚ್ಚುತ್ತಾರೆ.

ಮರೆತವರ ದೀಕ್ಷಾಸ್ನಾನವನ್ನು ದೇವರು ಮರೆತಿಲ್ಲ. ಆಕೆ ಯಾರ ಮಗಳು, ಯಾವ ಹಾಡನ್ನು ಮೆಚ್ಚುತ್ತಿದ್ದಳು, ಯಾವ ಬೆಂಚಿನಲ್ಲಿ ಕೂರುತ್ತಿದ್ದಳು ಎಂಬುದನ್ನು ಆಕೆಯ ಪರವಾಗಿ ನೆನಪಿಡುವ ಹೊಣೆ ನಮ್ಮದು. ನೂರು ವರ್ಷದ ಧರ್ಮಕೇಂದ್ರಕ್ಕೆ ಇದು ಭಾರವಾಗಬಾರದು.

ಪಕ್ಕದ ಬಾಗಿಲ ಬಳಿಯ ಎರಡು ಬೆಂಚುಗಳನ್ನು ಭಾನುವಾರದ ಎರಡನೆಯ ಪೂಜೆಯಲ್ಲಿ ಇಂಥವರಿಗೂ ಅವರೊಡನೆ ಬರುವವರಿಗೂ ಬಿಡಬೇಕೆಂದು ಕೇಳಿಕೊಂಡಿದ್ದೆ. ಧರ್ಮಗುರುಗಳು ಸಂತೋಷದಿಂದ ಒಪ್ಪಿದ್ದಾರೆ. ಪೂಜೆಯ ನಡುವೆ ಯಾರಾದರೂ ಎದ್ದು ಓಡಾಡಿದರೆ, ಗಟ್ಟಿಯಾಗಿ ಮಾತನಾಡಿದರೆ, ದಯವಿಟ್ಟು ಹಿಂದಿರುಗಿ ನೋಡಬೇಡಿ. ಮರಿಯಮ್ಮನ ಸೇನೆಯವರೂ ವಿನ್ಸೆಂಟ್ ದೆ ಪೌಲ್ ಸಭೆಯವರೂ ಇಂಥ ಮನೆಗಳಿಗೆ ಸರದಿಯಂತೆ ಹೋಗಿ ಹಿರಿಯರ ಬಳಿ ಕೂರಲು ಮುಂದೆ ಬಂದಿದ್ದಾರೆ. ಅಷ್ಟು ಹೊತ್ತು ಆ ಮನೆಯ ಸೊಸೆಯೋ ಮಗಳೋ ಪೂಜೆಗೆ ಬರಬಹುದು, ಇಲ್ಲವೇ ಸುಮ್ಮನೆ ಮಲಗಿ ನಿದ್ರಿಸಬಹುದು. ಇನ್ನಷ್ಟು ಜನ ಬೇಕಾಗಿದ್ದಾರೆ. ಹೆಸರು ಕೊಡುವವರು ಈ ಸಭೆ ಮುಗಿದೊಡನೆ ಕಚೇರಿಯಲ್ಲಿ ಬರೆಸಿರಿ. ವಾರಕ್ಕೆ ಮೂರು ಗಂಟೆ ಸಾಕು.